ಕನ್ಯಾ ರಾಶಿಯಲ್ಲೊಂದು ಮೊಂಡು ರಾಶಿ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಸೇರಿ ಒಂದು "ಸಂಶೋಧನೆ" ಮಾಡಿದೆವು. ಎಂ87 ಅನ್ನೋ ಗೆಲಾಕ್ಸಿಯ ಒಂದು ಚಂದದ ಬಣ್ಣದ ಚಿತ್ರ ಇಳಿಸಿಕೊಂಡು, ನಡುವಿನಿಂದ ಅಂಚಿನ ತನಕ ಒಂದು ಗೆರೆ ಎಳೆದು, ಆ ಗೆರೆಯ ಮೇಲಿನ ಪಿಕ್ಸೆಲ್‌ಗಳ ಬೆಳಕನ್ನು ಪೈಥಾನ್‌ನಲ್ಲಿ ಗ್ರಾಫ್ ಹಾಕಿದೆವು. ಅಂಚಿನಿಂದ ಒಳಗೆ ಬಂದ ಹಾಗೆ ಬೆಳಕು ಏರುತ್ತಾ ಹೋಯಿತು. ನಡುಮಧ್ಯದ ಹತ್ತಿರ ಬಂದಾಗ ಏರೋದು ನಿಂತು, ಗ್ರಾಫಿನ ನೆತ್ತಿ ಕೊಯ್ದಿಟ್ಟ ಹಾಗೆ ಚಪ್ಪಟೆಯಾಯಿತು. ದೊಡ್ಡ ಗೆಲಾಕ್ಸಿಗಳ ನಡುವೆ ಹೀಗೆ ಚಪ್ಪಟೆ "ಕೋರ್" ಇರುತ್ತೆ ಅಂತ ಓದಿಕೊಂಡಿದ್ದ ನಮಗೆ ಖುಷಿಯೋ ಖುಷಿ.

ಸೀನಿಯರ್ ಅಕ್ಕ ಒಬ್ಬರು ಲ್ಯಾಪ್‌ಟಾಪ್ ಕಡೆ ಬಗ್ಗಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಆ ಚಪ್ಪಟೆ ಜಾಗದಾಗ ವ್ಯಾಲ್ಯೂ ಎಷ್ಟೈತೆ?"

ನೋಡಿದೆವು. ಎಲ್ಲ 255.

ಎಂಟು ಬಿಟ್‌ನ ಚಿತ್ರದಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆಗೆ ಜಾಗವೇ ಇಲ್ಲ. ಅದಕ್ಕಿಂತ ಎಷ್ಟೇ ಹೆಚ್ಚು ಬೆಳಕಿದ್ದರೂ ಅಲ್ಲಿಗೇ ಕತ್ತರಿಸಿ ಹೋಗುತ್ತೆ. ನಾವು ಅಳೆದಿದ್ದು ಗೆಲಾಕ್ಸಿಯನ್ನಲ್ಲ, ಫೈಲ್ ಫಾರ್ಮ್ಯಾಟನ್ನ! ತಮಾಷೆ ಏನಪ್ಪಾ ಅಂದ್ರೆ, ಎಂ87ರ ನಡುವೆ ನಿಜವಾಗಿಯೂ ಕೋರ್ ಇದೆ. ಅಂದರೆ ಉತ್ತರ ಸರಿ, ದಾರಿ ಪೂರ್ತಿ ತಪ್ಪು. ಪರೀಕ್ಷೆಯಲ್ಲಾದರೆ ಪಕ್ಕದವನ ಉತ್ತರ ನೋಡಿ ಬರೆದ ಹಾಗೆ.

ಆವತ್ತು ನಮ್ಮ ಸಿರುಗುಪ್ಪದ ಗೆಳೆಯ ಒಂದು ಮಾತು ಹೇಳಿದ. "ಲೇ, ನಮ್ಮ ಕಣದಾಗ ಭತ್ತದ ರಾಶಿ ಹಾಕಿರ್ತೀವಿ. ಬೆಳಿಗ್ಗೆ ಎದ್ದು ದೂರದಿಂದ ನೋಡಿದ್ರೆ ತುದಿ ಮೊಂಡಾಗಿ ಕಾಣ್ತೈತೆ ಅಂತಿಟ್ಕೋ. ತಕ್ಷಣ ಕಳ್ಳತನ ಆಗೈತೆ ಅಂತ ಕೂಗಕ್ಕಾಗ್ತದೇನು? ಮಂಜು ಬಿದ್ದಿರಬಹುದು, ಮೇಲೆ ತಾಡಪತ್ರಿ ಹೊದಿಸಿರಬಹುದು, ಹಾಕುವಾಗ್ಲೇ ಮೊಂಡಾಗಿ ಹಾಕಿರಬಹುದು. ಎಲ್ಲಾ ನೋಡ್ಬಿಟ್ಟು ಆಮೇಲೆ ಒಬ್ಬರ ಮೇಲೆ ಹೇಳ್ಬೇಕು."

ಗೆಲಾಕ್ಸಿಗಳ ಕೇಂದ್ರ ಅಳೆಯುವ ವಿದ್ಯೆಯ ಎಂಬತ್ತು ತೊಂಬತ್ತು ವರ್ಷಗಳ ಇತಿಹಾಸ ಹೆಚ್ಚು ಕಡಿಮೆ ಈ ಮಾತಿನಲ್ಲೇ ಇದೆ. ಅದನ್ನೇ ಈ ಲೇಖನದಲ್ಲಿ ಬಿಡಿಸಿ ಹೇಳೋ ಪ್ರಯತ್ನ ಮಾಡಿದ್ದೇವೆ. ಎಂ87 ಇರೋದು ಕನ್ಯಾ ರಾಶಿಯ ದಿಕ್ಕಿನಲ್ಲಿ, ಹಾಗಾಗಿ ರಾಶಿಯ ಹೋಲಿಕೆ ಬಿಡಲು ಮನಸ್ಸೂ ಬರಲಿಲ್ಲ.

ರಾಶಿಯ ಇಳಿಜಾರು

ಗೆಲಾಕ್ಸಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಸುರುಳಿ ಸುರುಳಿಯಾದ ಚಕ್ರ. ಎಲಿಪ್ಟಿಕಲ್ ಅಂದರೆ ದೀರ್ಘವೃತ್ತಾಕಾರದ ಗೆಲಾಕ್ಸಿಗಳಲ್ಲಿ ಸುರುಳಿಯೂ ಇಲ್ಲ, ತೋಳುಗಳೂ ಇಲ್ಲ. ಕೋಟಿ ಕೋಟಿ ಹಳೆಯ ನಕ್ಷತ್ರಗಳು ಗುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿ ಗುಂಪುಗೂಡಿರುವ ಒಂದು ಮಂಕು ಬೆಳಕಿನ ಉಂಡೆ ಅಷ್ಟೇ. ಎಂ87 ಇಂಥದ್ದೇ ಒಂದು ದೈತ್ಯ. ನಮ್ಮಿಂದ ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರ. ಮಾರ್ಚ್‌ನಿಂದ ಮೇ ತನಕ ರಾತ್ರಿ, ಊರ ದೀಪಗಳಿಂದ ದೂರ ಹೋದರೆ ಸಣ್ಣ ದೂರದರ್ಶಕದಲ್ಲೂ ಹತ್ತಿಯ ಚೂರಿನ ಹಾಗೆ ಕಾಣುತ್ತೆ.

ಇಂಥ ಉಂಡೆಯಲ್ಲಿ ಅಳೆಯೋಕೆ ಏನಿದೆ? ಇರೋದು ಒಂದೇ: ಕೇಂದ್ರದಿಂದ ಹೊರಗೆ ಹೋದ ಹಾಗೆ ಬೆಳಕು ಹೇಗೆ ಇಳಿಯುತ್ತೆ ಅನ್ನೋ ಇಳಿಜಾರು. ಸಿವಿಲ್‌ನವರು ಗುಡ್ಡಕ್ಕೆ ಕಂಟೂರ್ ಎಳೆದ ಹಾಗೆ, ಇಲ್ಲಿ ಒಂದೇ ಪ್ರಮಾಣದ ಬೆಳಕಿರುವ ಬಿಂದುಗಳನ್ನು ಸೇರಿಸಿ ಗೆರೆ ಎಳೀತಾರೆ. ಇದಕ್ಕೆ ಐಸೊಫೋಟ್ ಅಂತ ಹೆಸರು, ಸಮಬೆಳಕಿನ ಗೆರೆ ಅನ್ನಬಹುದು. ಒಂದೊಂದು ಗೆರೆಗೂ ಒಂದು ದೀರ್ಘವೃತ್ತ ಹೊಂದಿಸಿದರೆ ಅದರ ಕೇಂದ್ರ, ಉದ್ದ-ಅಗಲದ ಅನುಪಾತ, ವಾಲಿರುವ ಕೋನ, ಸರಾಸರಿ ಬೆಳಕು ಎಲ್ಲ ಸಿಗುತ್ತವೆ. ಗೆರೆ ಪಕ್ಕಾ ದೀರ್ಘವೃತ್ತದಿಂದ ಎಷ್ಟು ಆಚೀಚೆ ಹೋಗಿದೆ ಅನ್ನೋದನ್ನ ಫೂರಿಯೇ ಸರಣಿಯಲ್ಲಿ ಬರೀತಾರೆ. ಅದರಲ್ಲಿ ಕೊಸೈನ್ ನಾಲ್ಕು ಥೀಟಾದ ಪದ ಮುಖ್ಯ. ಅದು ಧನ ಆದರೆ ಗೆರೆಯ ತುದಿಗಳು ಚೂಪು, ಋಣ ಆದರೆ ಗೆರೆ ಮೂಲೆಗಳಲ್ಲಿ ಉಬ್ಬಿ ಡಬ್ಬಿಯ ಆಕಾರ. ಎಂ3 ಕ್ಲಾಸಿನಲ್ಲಿ "ಇದೆಲ್ಲಾ ಎಲ್ಲಿ ಉಪಯೋಗ?" ಅಂತ ಕೇಳಿದವರು ನಮ್ಮಲ್ಲೂ ಇದ್ದೆವು. ಉತ್ತರ ಇಲ್ಲಿದೆ.

1930ರಲ್ಲಿ ಎಡ್ವಿನ್ ಹಬಲ್ ಈ ಇಳಿಜಾರಿಗೆ ಒಂದು ಸೂತ್ರ ಕೊಟ್ಟರು. 1948ರಲ್ಲಿ ಫ್ರಾನ್ಸಿನ ಜೆರಾರ್ಡ್ ದ ವೊಕುಲೂರ್ ಇನ್ನೊಂದು ಕೊಟ್ಟರು: ಬೆಳಕಿನ ಲಾಗರಿದಮ್ ತೆಗೆದುಕೊಂಡರೆ ಅದು ದೂರದ ನಾಲ್ಕನೇ ಒಂದರ ಘಾತಕ್ಕೆ ತಕ್ಕಂತೆ ನೇರ ಗೆರೆಯಲ್ಲಿ ಇಳಿಯುತ್ತೆ. 1960ರ ದಶಕದಲ್ಲಿ ಅರ್ಜೆಂಟೀನಾದ ಹೋಸೆ ಲೂಯಿಸ್ ಸೆರ್ಸಿಕ್ ಆ ನಾಲ್ಕರ ಜಾಗದಲ್ಲಿ ಯಾವ ಸಂಖ್ಯೆ ಬೇಕಾದರೂ ಇರಬಹುದು ಅಂತ ಸೂತ್ರವನ್ನು ಸಡಿಲ ಮಾಡಿದರು. ಈ ಸಂಖ್ಯೆಗೆ ಸೆರ್ಸಿಕ್ ಸೂಚ್ಯಂಕ ಅಂತ ಹೆಸರು. ಸೂಚ್ಯಂಕ 1 ಆದರೆ ನಮಗೆ ಗೊತ್ತಿರುವ ಸಾದಾ ಎಕ್ಸ್‌ಪೊನೆನ್ಷಿಯಲ್. ಗೆಲಾಕ್ಸಿಯ ಅರ್ಧ ಬೆಳಕು ಯಾವ ತ್ರಿಜ್ಯದ ಒಳಗಿದೆಯೋ ಆ ಜಾಗದ ಬೆಳಕನ್ನು ಒಂದು ಅಂತ ಇಟ್ಟುಕೊಂಡರೆ, ಸೂಚ್ಯಂಕ 1 ಇದ್ದಾಗ ನಡುಮಧ್ಯದ ಬೆಳಕು 5 ಪಟ್ಟು ಚಿಲ್ಲರೆ. ಸೂಚ್ಯಂಕ 4 ಇದ್ದಾಗ ಸುಮಾರು 2,100 ಪಟ್ಟು! ಅಂದರೆ ಸೂಚ್ಯಂಕ ಹೆಚ್ಚಾದ ಹಾಗೆ ರಾಶಿಯ ತುದಿ ಸೂಜಿಯಂತೆ ಚೂಪಾಗುತ್ತೆ.

ಪುಣೆಯ ಐಯೂಕಾದ ಅಜಿತ್ ಕೆಂಭಾವಿ ಮತ್ತು ಅವರ ಜೊತೆಗಾರರು 2000ದಲ್ಲಿ ತೋರಿಸಿದ್ದು ಇದಕ್ಕೆ ಸಂಬಂಧಪಟ್ಟದ್ದೇ. ಸೆರ್ಸಿಕ್ ಸೂಚ್ಯಂಕ, ನಡುಮಧ್ಯದ ಹೊಳಪು, ಅರ್ಧ ಬೆಳಕಿನ ತ್ರಿಜ್ಯ ಈ ಮೂರನ್ನು ಮೂರು ಅಕ್ಷಗಳ ಮೇಲೆ ಗುರುತು ಹಾಕಿದರೆ ಎಲಿಪ್ಟಿಕಲ್ ಗೆಲಾಕ್ಸಿಗಳು ಹೇಗೆ ಬೇಕೋ ಹಾಗೆ ಚೆಲ್ಲಾಡದೆ ಒಂದು ಸಮತಲದ ಹತ್ತಿರವೇ ಕೂರುತ್ತವೆ. ಅದನ್ನು ಫೋಟೋಮೆಟ್ರಿಕ್ ಸಮತಲ ಅಂತ ಕರೆದರು. ಬರೀ ಚಿತ್ರ ಇದ್ದರೆ ಸಾಕು, ಈ ಮೂರೂ ಸಿಗುತ್ತವೆ.

ಕುರುಗೋಡಿನಿಂದ ಕಂಡ ರೊಟ್ಟಿ

ಈಗ ಮೊದಲ ಅನುಮಾನ: ಮಂಜು. ತುದಿ ಮೊಂಡಾಗಿ ಕಾಣೋದು ನಮ್ಮ ನೋಟದ ದೋಷವೇ?

ಆಕಾಶದಲ್ಲಿ ಕೋನವನ್ನು ಆರ್ಕ್‌ಸೆಕೆಂಡ್‌ನಲ್ಲಿ ಅಳೀತಾರೆ. ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು. ಇದು ಎಷ್ಟು ಸಣ್ಣದು ಅಂತ ಮನಸ್ಸಿಗೆ ಹತ್ತಬೇಕಾದರೆ ಕುರುಗೋಡಿಗೆ ಹೋಗೋಣ. ಅಲ್ಲಿಂದ ಬಳ್ಳಾರಿಗೆ ಸುಮಾರು 28 ಕಿಲೋಮೀಟರ್. ಬಳ್ಳಾರಿ ಕೋಟೆ ಗುಡ್ಡದ ನೆತ್ತಿಯ ಮೇಲೆ ಯಾರೋ ಒಂದು ಜೋಳದ ರೊಟ್ಟಿ ಹಿಡಿದು ನಿಂತಿದ್ದಾರೆ, ನಾವು ಕುರುಗೋಡಿನ ಬೆಟ್ಟದ ಮೇಲಿಂದ ಅದನ್ನು ನೋಡ್ತಿದ್ದೇವೆ ಅಂದುಕೊಳ್ಳಿ. ಆ ದೂರದಲ್ಲಿ ಒಂದು ಆರ್ಕ್‌ಸೆಕೆಂಡ್ ಅಂದರೆ ಸುಮಾರು 13.6 ಸೆಂಟಿಮೀಟರ್. ರೊಟ್ಟಿಯ ಅಗಲ ಒಂದೂವರೆ ಆರ್ಕ್‌ಸೆಕೆಂಡ್ ಆಯಿತು.

ಬೇಸಿಗೆ ಮಧ್ಯಾಹ್ನ ಸಿರುಗುಪ್ಪ ರಸ್ತೆಯ ಡಾಂಬರಿನ ಮೇಲೆ ಗಾಳಿ ನಡುಗೋದನ್ನ ನೀವೆಲ್ಲ ನೋಡಿದ್ದೀರಿ. ಎದುರಿಗೆ ಬರೋ ಲಾರಿ ನೀರಿನಲ್ಲಿ ಅಲ್ಲಾಡಿದ ಹಾಗೆ ಕಾಣುತ್ತೆ. ರಾತ್ರಿ ಆಕಾಶದಲ್ಲೂ ಇದೇ ಆಟ, ಸ್ವಲ್ಪ ಕಡಿಮೆ ಅಷ್ಟೇ. ನಕ್ಷತ್ರ ಮಿನುಗೋದು ಇದರಿಂದಲೇ. ಚುಕ್ಕಿಯಾಗಿ ಬೀಳಬೇಕಾದ ನಕ್ಷತ್ರದ ಬೆಳಕು ಕ್ಯಾಮೆರಾದ ಮೇಲೆ ಒಂದು ಮಚ್ಚೆಯಾಗಿ ಹರಡುತ್ತೆ. ಈ ಮಚ್ಚೆಯ ಆಕಾರಕ್ಕೆ ಪಾಯಿಂಟ್ ಸ್ಪ್ರೆಡ್ ಫಂಕ್ಷನ್ ಅಂತಾರೆ. ಸಿಗ್ನಲ್ಸ್ ಕ್ಲಾಸಿನ ಭಾಷೆಯಲ್ಲಿ ಹೇಳೋದಾದರೆ ಅದು ವ್ಯವಸ್ಥೆಯ ಇಂಪಲ್ಸ್ ರೆಸ್ಪಾನ್ಸ್. ಒಳ್ಳೆಯ ತಾಣದಲ್ಲಿ ಮಚ್ಚೆಯ ಅಗಲ ಒಂದು ಆರ್ಕ್‌ಸೆಕೆಂಡ್ ಆಸುಪಾಸು, ಸಾಧಾರಣ ರಾತ್ರಿಗಳಲ್ಲಿ ಎರಡು ಅಥವಾ ಇನ್ನೂ ಹೆಚ್ಚು. ಅಂದರೆ ಬಳ್ಳಾರಿ ಗುಡ್ಡದ ಮೇಲಿನ ಒಂದು ರೊಟ್ಟಿಯಷ್ಟು ಜಾಗದೊಳಗೆ ಏನೇ ವಿವರ ಇದ್ದರೂ ಅದು ಕಲಸಿ ಹೋಗುತ್ತೆ.

ನಮಗೆ ಕಾಣೋ ಚಿತ್ರ ಅಂದರೆ ನಿಜವಾದ ಗೆಲಾಕ್ಸಿ ಮತ್ತು ಈ ಮಚ್ಚೆಯ ಕಾನ್ವಲ್ಯೂಷನ್. ಸೂಜಿಯಂಥ ತುದಿಯನ್ನು ಮಚ್ಚೆಯ ಜೊತೆ ಕಾನ್ವಾಲ್ವ್ ಮಾಡಿದರೆ ಏನು ಬರುತ್ತೆ? ಮೊಂಡು ತುದಿ! 1979ರಲ್ಲಿ ಫ್ರಾನ್ಸ್ವಾ ಶ್ವೈಟ್ಸರ್ ಅನ್ನೋ ಖಗೋಳಜ್ಞರು ಇದನ್ನೇ ಎತ್ತಿ ಹೇಳಿದರು: ನಡುವೆ ಯಾವ ಕೋರೂ ಇಲ್ಲದ ಗೆಲಾಕ್ಸಿ ಕೂಡ ನೆಲದಿಂದ ನೋಡಿದರೆ ಕೋರ್ ಇರುವ ಹಾಗೆ ಕಾಣಬಹುದು. ಅಲ್ಲಿಯ ತನಕ ಅಳೆದಿದ್ದ ಎಷ್ಟೋ "ಕೋರ್"ಗಳ ಮೇಲೆ ಅನುಮಾನದ ನೆರಳು ಬಿತ್ತು. ಅವು ಗೆಲಾಕ್ಸಿಯದೋ, ಗಾಳಿಯದೋ?

ಒಂದೇ ಅಳತೆಯ ಎರಡು ಕನ್ನಡಿ

ಇಲ್ಲಿ ನಮ್ಮ ನಾಡಿಗೆ ಹತ್ತಿರದ ಒಂದು ಹೋಲಿಕೆ ಇದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ ಒಂದು ವೀಕ್ಷಣಾಲಯ ನಡೆಸುತ್ತೆ. ಅಲ್ಲಿನ ವೇಣು ಬಾಪ್ಪು ದೂರದರ್ಶಕದ ಕನ್ನಡಿಯ ವ್ಯಾಸ 2.34 ಮೀಟರ್. ಬೆಂಗಳೂರಿನಲ್ಲೇ ಉಜ್ಜಿ ಹದ ಮಾಡಿದ ಕನ್ನಡಿ ಅದು. 1986ರ ಜನವರಿಯಲ್ಲಿ ಅದರ ಉದ್ಘಾಟನೆ ಆಯಿತು. ನಾಲ್ಕು ವರ್ಷದ ನಂತರ, 1990ರ ಏಪ್ರಿಲ್‌ನಲ್ಲಿ, ಅಮೆರಿಕದ ಹಬಲ್ ದೂರದರ್ಶಕ ಬಾಹ್ಯಾಕಾಶಕ್ಕೆ ಹೋಯಿತು. ಅದರ ಕನ್ನಡಿ 2.4 ಮೀಟರ್.

ಹತ್ತಿರ ಹತ್ತಿರ ಒಂದೇ ಅಳತೆ. ವಿವರ್ತನೆಯ ಲೆಕ್ಕ ಹಾಕಿದರೆ (ತರಂಗಾಂತರವನ್ನು ವ್ಯಾಸದಿಂದ ಭಾಗಿಸಿ 1.22ರಿಂದ ಗುಣಿಸಿ) ಎರಡಕ್ಕೂ ಸುಮಾರು 0.06 ಆರ್ಕ್‌ಸೆಕೆಂಡ್ ಬರುತ್ತೆ. ಕುರುಗೋಡಿನಿಂದ ನೋಡಿದರೆ ಬಳ್ಳಾರಿ ಗುಡ್ಡದ ಮೇಲಿನ ಒಂದು ಭತ್ತದ ಕಾಳಿನ ಉದ್ದ! ಆದರೆ ಕಾವಲೂರಿನ ಕನ್ನಡಿಯ ಮೇಲೆ ಇಡೀ ವಾತಾವರಣ ಕೂತಿದೆ, ಹಬಲ್ ಮೇಲೆ ಇಲ್ಲ. ಒಂದಕ್ಕೆ ಕಾಳು ಕಾಣುವ ಶಕ್ತಿ ಇದ್ದರೂ ಕಾಣೋದು ರೊಟ್ಟಿ ಮಾತ್ರ.

ಹಬಲ್‌ಗೂ ಮೊದಲು ಕಾಣಲಿಲ್ಲ ಅನ್ನೋದು ಬೇರೆ ಕಥೆ. ಅದರ ಕನ್ನಡಿಯ ಅಂಚನ್ನು ಸುಮಾರು 2.2 ಮೈಕ್ರೋಮೀಟರ್‌ನಷ್ಟು ಹೆಚ್ಚು ಚಪ್ಪಟೆ ಉಜ್ಜಿಬಿಟ್ಟಿದ್ದರು. ತಲೆಕೂದಲಿನ ದಪ್ಪದ ಹತ್ತಾರು ಪಾಲಿನಲ್ಲಿ ಒಂದು ಪಾಲು, ಅಷ್ಟಕ್ಕೇ ಚಿತ್ರ ಮಸುಕು. 1993ರ ಡಿಸೆಂಬರಿನಲ್ಲಿ ಗಗನಯಾನಿಗಳು ಹೋಗಿ ಸರಿಪಡಿಸುವ ತನಕ ಖಗೋಳಜ್ಞರು ರಿಚರ್ಡ್‌ಸನ್–ಲೂಸಿ ಥರದ ಡೀಕಾನ್ವಲ್ಯೂಷನ್ ವಿಧಾನಗಳಿಂದ ಆ ಮಸುಕನ್ನು ಗಣಿತದಲ್ಲಿ ತೊಳೆಯಬೇಕಾಯಿತು.

ಡೀಕಾನ್ವಲ್ಯೂಷನ್ ಸುಲಭ ಅಲ್ವಾ, ಫೂರಿಯೇ ಲೋಕಕ್ಕೆ ಹೋಗಿ ಭಾಗಿಸಿದರೆ ಆಯ್ತು ಅಂತ ನಮಗೂ ಅನ್ನಿಸಿತ್ತು. ಮಾಡಿ ನೋಡಿದೆವು. ಹೆಚ್ಚಿನ ಆವೃತ್ತಿಗಳಲ್ಲಿ ಮಚ್ಚೆಯ ರೂಪಾಂತರ ಸೊನ್ನೆಯ ಹತ್ತಿರ ಹೋಗುತ್ತೆ. ಸೊನ್ನೆಯ ಹತ್ತಿರದ ಸಂಖ್ಯೆಯಿಂದ ಭಾಗಿಸಿದರೆ ಗದ್ದಲ ಸಾವಿರ ಪಟ್ಟು ಉಬ್ಬುತ್ತೆ. ನಮ್ಮ ಗೆಲಾಕ್ಸಿ ಹೋಗಿ ಟಿವಿಯಲ್ಲಿ ಸಿಗ್ನಲ್ ಹೋದಾಗ ಕಾಣೋ ಚುಕ್ಕಿಗಳಾದವು. ಅದಕ್ಕೇ ಈಗ ಹೆಚ್ಚಿನವರು ಉಲ್ಟಾ ದಾರಿ ಹಿಡೀತಾರೆ: ಮೊದಲು ಮಾದರಿ ಗೆಲಾಕ್ಸಿ ಮಾಡಿಕೊಂಡು, ಅದನ್ನೇ ಮಚ್ಚೆಯಿಂದ ಮಸುಕು ಮಾಡಿ, ಬಂದದ್ದನ್ನು ನಿಜ ಚಿತ್ರದ ಜೊತೆ ಹೋಲಿಸೋದು. ಹೊಂದುವ ತನಕ ಮಾದರಿಯ ಸಂಖ್ಯೆಗಳನ್ನು ಬದಲಿಸುತ್ತಾ ಹೋಗೋದು.

ತಾಡಪತ್ರಿ, ಬಕೆಟ್ಟು, ಬೆಳದಿಂಗಳು

ಮಂಜು ಒಂದೇ ಅಲ್ಲ, ಇನ್ನೂ ಮೂರು ಮೋಸಗಾರರಿದ್ದಾರೆ.

ಮೊದಲನೆಯದು ನಮ್ಮ 255ರ ಅಣ್ಣ. ಕ್ಯಾಮೆರಾದ ಒಂದೊಂದು ಪಿಕ್ಸೆಲ್ಲೂ ಒಂದು ಬಕೆಟ್ ಇದ್ದ ಹಾಗೆ. ತುಂಬಿದ ಮೇಲೆ ಇನ್ನೆಷ್ಟು ಬೆಳಕು ಸುರಿದರೂ ಲೆಕ್ಕಕ್ಕೆ ಬರಲ್ಲ. ಅದಕ್ಕೇ ಕೇಂದ್ರ ಅಳೆಯಲು ಕಡಿಮೆ ಹೊತ್ತಿನ ಚಿತ್ರ, ಅಂಚು ಅಳೆಯಲು ಹೆಚ್ಚು ಹೊತ್ತಿನ ಚಿತ್ರ, ಎರಡನ್ನೂ ತೆಗೀತಾರೆ. ಮತ್ತೆ ಬಣ್ಣದ ಚಿತ್ರ ಬಿಟ್ಟು ಎಣಿಕೆಗಳನ್ನು ಇದ್ದ ಹಾಗೇ ಇಟ್ಟಿರುವ ಫಿಟ್ಸ್ ಕಡತ ಬಳಸ್ತಾರೆ.

ಎರಡನೆಯದು ದೂಳು. ಬಳ್ಳಾರಿಯವರಿಗೆ ದೂಳಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಅದಿರು ಲಾರಿ ಹೋದ ಮೇಲೆ ರಸ್ತೆ ದೀಪ ಕೆಂಪಗೆ, ಮಂಕಾಗಿ ಕಾಣುತ್ತೆ. ಎಲಿಪ್ಟಿಕಲ್ ಗೆಲಾಕ್ಸಿಗಳಲ್ಲಿ ದೂಳೇ ಇಲ್ಲ ಅಂತ ಒಂದು ಕಾಲಕ್ಕೆ ನಂಬಿದ್ದರು. ಆಮೇಲೆ ಎಷ್ಟೋ ಗೆಲಾಕ್ಸಿಗಳಲ್ಲಿ ದೂಳಿನ ಪಟ್ಟಿಗಳು ಸಿಕ್ಕವು. ಅಂಥವನ್ನು ಬೇರೆ ಬೇರೆ ಬಣ್ಣದ ಸೋಸುಗಗಳಲ್ಲಿ ಅಳೆಯುವ ಕೆಲಸ ಕಾವಲೂರಿನಲ್ಲೂ ನಡೆದಿದೆ. ದೂಳು ನೀಲಿ ಬೆಳಕನ್ನು ಹೆಚ್ಚು ನುಂಗುತ್ತೆ, ಕೆಂಪನ್ನು ಕಡಿಮೆ, ಅವಕೆಂಪನ್ನು ಇನ್ನೂ ಕಡಿಮೆ. ಆದ್ದರಿಂದ ನೀಲಿಯಲ್ಲಿ ತುದಿ ಮೊಂಡಾಗಿ, ಅವಕೆಂಪಿನಲ್ಲಿ ಚೂಪಾಗಿ ಕಂಡರೆ ಕೋರ್ ಸುಳ್ಳು, ತಾಡಪತ್ರಿ ನಿಜ.

ಮೂರನೆಯದು ಆಕಾಶದ ಹಿನ್ನೆಲೆ ಬೆಳಕು. ಇದನ್ನು ಕಳೆಯುವಾಗ ಸ್ವಲ್ಪ ತಪ್ಪಿದರೂ ಗೆಲಾಕ್ಸಿಯ ಮಂಕು ಅಂಚು ಕೆಡುತ್ತೆ. ಅಂಚು ಕೆಟ್ಟರೆ ನಡುವಿಗೇನು? ಅಂತ ಕೇಳಬಹುದು. ಸೆರ್ಸಿಕ್ ಸೂಚ್ಯಂಕ ಸಿಗೋದು ಇಡೀ ಇಳಿಜಾರನ್ನು ನೋಡಿ. ಹೊರಗಿನ ತಪ್ಪು ಸೂಚ್ಯಂಕವನ್ನು ಬದಲಿಸುತ್ತೆ, ಸೂಚ್ಯಂಕ ತುದಿಯ ಅಂದಾಜನ್ನು ಬದಲಿಸುತ್ತೆ. ರಾಶಿಯ ಬುಡದಲ್ಲಿ ಚೆಲ್ಲಿದ ಕಾಳನ್ನು ಸರಿಯಾಗಿ ಎಣಿಸದಿದ್ದರೆ ಇಳಿಜಾರು ತಪ್ಪುತ್ತೆ, ತುದಿ ಎಲ್ಲಿತ್ತು ಅನ್ನೋದೂ ತಪ್ಪುತ್ತೆ.

ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸೋದು ಯಾಕೆ ಅಂತ ಈಗ ಗೊತ್ತಾಗುತ್ತೆ. ಅಷ್ಟು ಎತ್ತರದಲ್ಲಿ ಕನ್ನಡಿಯ ಮೇಲಿನ ಗಾಳಿ ಕಡಿಮೆ, ಹಿನ್ನೆಲೆ ಬೆಳಕೂ ಕಡಿಮೆ.

ಎರಡು ಜಾತಿಯ ರಾಶಿ

ಹಬಲ್ ಕಣ್ಣು ತೆರೆದ ಮೇಲೆ ಏನು ಕಂಡಿತು? 1995ರಲ್ಲಿ ಟಾಡ್ ಲಾವರ್ ಮತ್ತು ಜೊತೆಗಾರರು 45 ಗೆಲಾಕ್ಸಿಗಳ ಕೇಂದ್ರಗಳನ್ನು ಅಳೆದರು. ತಮ್ಮ ತಂಡವನ್ನು "ನ್ಯೂಕರ್"ಗಳು ಅಂತ ಕರೆದುಕೊಂಡರು, ಅವರ ಸೂತ್ರಕ್ಕೂ ಅದೇ ಹೆಸರು ಉಳಿಯಿತು. ಲಾಗ್–ಲಾಗ್ ಗ್ರಾಫಿನಲ್ಲಿ ಒಳಗೊಂದು ಇಳಿಜಾರು, ಹೊರಗೊಂದು ಇಳಿಜಾರು, ನಡುವೆ ತಿರುವು. ಒಳಗಿನ ಇಳಿಜಾರಿಗೆ ಗ್ಯಾಮಾ ಅಂತ ಹೆಸರು. ಗ್ಯಾಮಾ 0.3ಕ್ಕಿಂತ ಕಡಿಮೆ ಇದ್ದರೆ ಕೋರ್ ಗೆಲಾಕ್ಸಿ, 0.5ಕ್ಕಿಂತ ಹೆಚ್ಚಿದ್ದರೆ ಕೊನೆಯ ತನಕ ಏರುತ್ತಲೇ ಹೋಗುವ ಚೂಪು ಗೆಲಾಕ್ಸಿ.

ಯಾರು ಯಾವ ಗುಂಪು ಅನ್ನೋದೇ ಆಶ್ಚರ್ಯ. ಸಣ್ಣ ಮತ್ತು ಮಧ್ಯಮ ಗೆಲಾಕ್ಸಿಗಳು ಚೂಪು. ಆಂಡ್ರೊಮೆಡಾದ ಪಕ್ಕದ ಪುಟಾಣಿ ಎಂ32 ನಮಗೆ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲೇ ಇದೆ, ಆದರೂ ಅದರ ತುದಿ ಹಬಲ್‌ನ ದೃಷ್ಟಿಯ ಮಿತಿ ಮುಟ್ಟುವ ತನಕ ಏರುತ್ತಲೇ ಇದೆ. ಅತಿ ದೊಡ್ಡ, ಅತಿ ಪ್ರಕಾಶದ ಗೆಲಾಕ್ಸಿಗಳೇ ಮೊಂಡು. ಅವುಗಳ ಸಮಬೆಳಕಿನ ಗೆರೆಗಳೂ ಸಾಮಾನ್ಯವಾಗಿ ಡಬ್ಬಿಯಾಕಾರ. ಅಂದರೆ ದೊಡ್ಡ ರಾಶಿಗಳ ತುದಿಗಳೇ ಮಾಯ! ಎಂ87ರಲ್ಲಿ ಇಳಿಜಾರು ತಿರುಗೋದು ಕೇಂದ್ರದಿಂದ ಸುಮಾರು 7 ಆರ್ಕ್‌ಸೆಕೆಂಡ್ ದೂರದಲ್ಲಿ, ಅಂದರೆ ಹೆಚ್ಚು ಕಡಿಮೆ 1,900 ಜ್ಯೋತಿರ್ವರ್ಷ. ಇದು ಗಾಳಿಯ ಮಚ್ಚೆಗಿಂತ ಎಷ್ಟೋ ದೊಡ್ಡದು. ಕುರುಗೋಡಿನ ಲೆಕ್ಕದಲ್ಲಿ ಹೆಚ್ಚು ಕಡಿಮೆ ಒಂದು ಮೀಟರ್, ರೊಟ್ಟಿಯಲ್ಲ, ಒಂದು ಬಾಗಿಲಿನ ಅಗಲ. ಹಾಗಾಗಿ ಎಂ87ರ ಕೋರ್ ನೆಲದಿಂದಲೂ ನಿಜವಾಗಿಯೇ ಕಂಡಿತ್ತು. ಅದೇ ಗೆಲಾಕ್ಸಿ ಹತ್ತು ಪಟ್ಟು ದೂರ ಇದ್ದಿದ್ದರೆ ರೊಟ್ಟಿಯೊಳಗೆ ಕರಗಿ ಹೋಗುತ್ತಿತ್ತು.

ಎಷ್ಟು ಚೀಲ ಕಳುವು?

ತುದಿ ನಿಜವಾಗಿಯೂ ಇಲ್ಲ ಅಂತಾಯಿತು. ಈಗ ಮುಂದಿನ ಪ್ರಶ್ನೆ: ಎಷ್ಟು ಹೋಗಿದೆ?

ಸಿರುಗುಪ್ಪದ ಗೆಳೆಯನ ಕಣಕ್ಕೇ ಮತ್ತೆ ಹೋಗೋಣ. ಶಂಕುವಿನಾಕಾರದ 27 ಚೀಲದ ರಾಶಿ. ಬೆಳಿಗ್ಗೆ ನೋಡಿದರೆ ಎತ್ತರದಲ್ಲಿ ಮೂರನೇ ಒಂದು ಭಾಗ ಇಲ್ಲ. ಅಯ್ಯೋ, ಒಂಬತ್ತು ಚೀಲ ಹೋಯ್ತು ಅಂತ ಬಾಯಿ ಬಡಿದುಕೊಳ್ಳಬೇಡಿ. ಶಂಕುವಿನ ಗಾತ್ರ ಉದ್ದದ ಘನಕ್ಕೆ ತಕ್ಕಂತೆ, ಮೂರನೇ ಒಂದರ ಘನ ಇಪ್ಪತ್ತೇಳರಲ್ಲಿ ಒಂದು. ಹೋಗಿರೋದು ಒಂದೇ ಚೀಲ. ಅದೂ ರಾಶಿ ಮೊದಲು ಪಕ್ಕಾ ಶಂಕುವಾಗಿತ್ತು ಅಂದುಕೊಂಡರೆ ಮಾತ್ರ. ಹಾಕುವಾಗಲೇ ತುದಿ ಸ್ವಲ್ಪ ಗುಂಡಗಿದ್ದಿದ್ದರೆ ಒಂದು ಚೀಲಕ್ಕಿಂತಲೂ ಕಡಿಮೆ. ಅಂದರೆ ಕಳುವಿನ ಲೆಕ್ಕ ನಿಂತಿರೋದು ಇರುವ ಭತ್ತದ ಮೇಲಲ್ಲ, ಇದ್ದಿರಬಹುದಾದ ಆಕಾರದ ಮೇಲೆ.

ಗೆಲಾಕ್ಸಿಯಲ್ಲಿ ಇದೇ ದೊಡ್ಡ ವಾದವಾಯಿತು. ನ್ಯೂಕರ್ ಸೂತ್ರದ ಹೊರ ಇಳಿಜಾರು ಒಂದು ನೇರ ಗೆರೆ, ಆದರೆ ನಿಜವಾದ ಗೆಲಾಕ್ಸಿಯ ಇಳಿಜಾರು ಬಾಗಿರುತ್ತೆ. 2003ರಲ್ಲಿ ಅಲಿಸ್ಟರ್ ಗ್ರಹಾಮ್ ಮತ್ತು ಜೊತೆಗಾರರು "ಕೋರ್–ಸೆರ್ಸಿಕ್" ಅನ್ನೋ ಹೊಸ ಸೂತ್ರ ತಂದರು. ಹೊರಗೆಲ್ಲ ಸೆರ್ಸಿಕ್‌ನ ಬಾಗು, ಒಳಗೆ ಮಾತ್ರ ಮೊಂಡು ಇಳಿಜಾರು. ಹೊರಗಿನ ಬಾಗನ್ನು ಒಳಗೆ ಮುಂದುವರಿಸಿ, ಅದರಿಂದ ಈಗ ಇರುವ ಬೆಳಕನ್ನು ಕಳೆದರೆ ಉಳಿದದ್ದೇ ಕಾಣೆಯಾದ ಬೆಳಕು. ಮೊದಲಿನ ಅಂದಾಜುಗಳಲ್ಲಿ ಕಾಣೆಯಾದ ನಕ್ಷತ್ರಗಳ ರಾಶಿ ಆ ಗೆಲಾಕ್ಸಿಯ ಕಪ್ಪುಕುಳಿಯ ಸುಮಾರು ಹತ್ತು ಪಟ್ಟು ಬರುತ್ತಿತ್ತು. 2004ರ ಗ್ರಹಾಮ್ ಅವರ ಲೆಕ್ಕದಲ್ಲಿ ಸುಮಾರು ಎರಡು ಪಟ್ಟಿಗೆ ಇಳಿಯಿತು. ಚಿತ್ರಗಳು ಅವೇ, ಗೆಲಾಕ್ಸಿಗಳೂ ಅವೇ ಥರದವು. ಬದಲಾದದ್ದು ನಾವು ಹೊಂದಿಸಿದ ಗೆರೆ ಮಾತ್ರ.

ಎಕ್ಸೆಲ್‌ನಲ್ಲಿ ಟ್ರೆಂಡ್‌ಲೈನ್ ಹಾಕಿ, ಆರ್ ಸ್ಕ್ವೇರ್ 0.99 ಬಂತು ಅಂತ ರೆಕಾರ್ಡ್ ಬುಕ್ ಮುಚ್ಚಿಡೋ ನಮ್ಮೆಲ್ಲರಿಗೂ ಇಲ್ಲಿ ಪಾಠ ಇದೆ. ಅಂಕಿಗಳಿರುವ ಜಾಗದಲ್ಲಿ ಎರಡು ಗೆರೆಗಳೂ ಚೆನ್ನಾಗೇ ಹೊಂದಬಹುದು. ಅಂಕಿಗಳಿಲ್ಲದ ಕಡೆಗೆ ಚಾಚಿದಾಗ ಐದು ಪಟ್ಟು ವ್ಯತ್ಯಾಸ ಬರಬಹುದು.

ಕಳ್ಳ ಯಾರು?

ಅನುಮಾನ ಬಿದ್ದಿರೋದು ಕಪ್ಪುಕುಳಿಗಳ ಮೇಲೆ, ಅದೂ ಜೋಡಿ ಕಪ್ಪುಕುಳಿಗಳ ಮೇಲೆ. 1980ರಲ್ಲಿ ಬೆಗೆಲ್‌ಮನ್, ಬ್ಲಾಂಡ್‌ಫರ್ಡ್, ರೀಸ್ ಈ ದಾರಿ ತೋರಿಸಿದರು. ಎರಡು ದೊಡ್ಡ ಗೆಲಾಕ್ಸಿಗಳು ಡಿಕ್ಕಿ ಹೊಡೆದು ಒಂದಾದಾಗ ಎರಡರ ಕಪ್ಪುಕುಳಿಗಳೂ ಹೊಸ ಗೆಲಾಕ್ಸಿಯ ತಳಕ್ಕೆ ಇಳಿಯುತ್ತವೆ. ಹೀಗೆ ಇಳಿಸೋದು ನಕ್ಷತ್ರಗಳ ನಡುವಿನ "ಡೈನಾಮಿಕಲ್ ಫ್ರಿಕ್ಷನ್", ಅದರ ಸೂತ್ರ 1943ರಲ್ಲಿ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಕೊಟ್ಟದ್ದು. ನಡುವಿಗೆ ಬಂದ ಜೋಡಿ ಒಂದನ್ನೊಂದು ಸುತ್ತುವಾಗ ಹತ್ತಿರ ಬಂದ ನಕ್ಷತ್ರಗಳನ್ನು ಕವಣೆಕಲ್ಲಿನ ಹಾಗೆ ಹೊರಗೆ ಬೀಸಿ ಎಸೆಯುತ್ತೆ. ಒಂದೊಂದು ನಕ್ಷತ್ರ ಎಸೆದಾಗಲೂ ಜೋಡಿ ಸ್ವಲ್ಪ ಶಕ್ತಿ ಕಳೆದುಕೊಂಡು ಇನ್ನಷ್ಟು ಹತ್ತಿರವಾಗುತ್ತೆ. ಕೊನೆಗೆ ಉಳಿಯೋದು ಒಂದಾದ ಕಪ್ಪುಕುಳಿ ಮತ್ತು ಗುಡಿಸಿ ಹಾಕಿದಂಥ ನಡುಮಧ್ಯ.

ಹಾಗಾದರೆ ಸಣ್ಣ ಗೆಲಾಕ್ಸಿಗಳು ಯಾಕೆ ಮೊಂಡಾಗಿಲ್ಲ? ಅವು ಒಂದಾಗುವಾಗ ಜೊತೆಗೆ ಅನಿಲವೂ ಇರುತ್ತೆ, ಅದು ನಡುವಿಗೆ ಹರಿದು ಹೊಸ ನಕ್ಷತ್ರಗಳಾಗುತ್ತೆ. ಕದ್ದ ಜಾಗದ ಮೇಲೆ ಹೊಸ ಭತ್ತ ಸುರಿದ ಹಾಗೆ. ದೈತ್ಯರು ಒಂದಾಗುವಾಗ ಸುರಿಯಲು ಅನಿಲ ಉಳಿದಿರೋದಿಲ್ಲ.

ಬರೀ ಮೊಂಡು ತುದಿ ನೋಡಿ ಇಷ್ಟೆಲ್ಲ ಹೇಳಿದರೆ ನಂಬಬೇಕಾ? ಬೇಡ, ಬೇರೆ ಸಾಕ್ಷಿ ಬೇಕು. ಕವಣೆಗೆ ಸಿಕ್ಕೋದು ಉದ್ದನೆಯ ಕಕ್ಷೆಯಲ್ಲಿ ಕೇಂದ್ರದ ಹತ್ತಿರ ನುಗ್ಗಿ ಬರುವ ನಕ್ಷತ್ರಗಳು. ದುಂಡನೆಯ ಕಕ್ಷೆಯವು ಹತ್ತಿರ ಬರೋದೇ ಇಲ್ಲ, ಹಾಗಾಗಿ ಬಚಾವು. ಆದ್ದರಿಂದ ಕಳ್ಳತನ ನಿಜವಾಗಿದ್ದರೆ ಕೋರ್‌ನಲ್ಲಿ ದುಂಡು ಕಕ್ಷೆಯ ನಕ್ಷತ್ರಗಳೇ ಹೆಚ್ಚಿರಬೇಕು. ರೋಹಿತದಿಂದ ನಕ್ಷತ್ರಗಳ ವೇಗ ಅಳೆದು ನೋಡಿದಾಗ ದೈತ್ಯ ಕೋರ್ ಗೆಲಾಕ್ಸಿಗಳಲ್ಲಿ ಹಾಗೇ ಕಂಡಿದೆ. ಚಿತ್ರ ಹೇಳಿದ್ದನ್ನು ವೇಗವೂ ಹೇಳಿತು, ಎರಡೂ ಬೇರೆ ಬೇರೆ ಸಾಕ್ಷಿಗಳು. 2016ರಲ್ಲಿ ಎನ್‌ಜಿಸಿ 1600 ಅನ್ನೋ ಗೆಲಾಕ್ಸಿಯಲ್ಲಿ 1,700 ಕೋಟಿ ಸೂರ್ಯರಷ್ಟು ತೂಕದ ಕಪ್ಪುಕುಳಿ ಸಿಕ್ಕಿತು. ಕೋರ್‌ನ ಅಗಲಕ್ಕೂ ಕಪ್ಪುಕುಳಿಯ ತೂಕಕ್ಕೂ ನಂಟಿದೆ ಅನ್ನೋದು ಅದರಿಂದ ಗಟ್ಟಿಯಾಯಿತು. 2019ರ ಏಪ್ರಿಲ್‌ನಲ್ಲಿ ಎಂ87ರ ನಡುವಿನ ಕಪ್ಪುಕುಳಿಯ ನೆರಳಿನ ಚಿತ್ರವೇ ಬಂತು, ತೂಕ 650 ಕೋಟಿ ಸೂರ್ಯರಷ್ಟು. 2023ರ ಜೂನ್‌ನಲ್ಲಿ ಪಲ್ಸಾರ್‌ಗಳ ಮಿಡಿತ ಅಳೆಯುವ ತಂಡಗಳು ಇಡೀ ವಿಶ್ವದಲ್ಲಿ ಹರಡಿದ ನಿಧಾನ ಗುರುತ್ವ ಅಲೆಗಳ ಗುರುತು ಸಿಕ್ಕಿದೆ ಅಂದವು. ಪುಣೆ ಹತ್ತಿರದ ಜಿಎಂಆರ್‌ಟಿ ಬಳಸುವ ನಮ್ಮ ದೇಶದ ತಂಡವೂ ಅದರಲ್ಲಿತ್ತು. ಒಂದನ್ನೊಂದು ಸುತ್ತುವ ದೈತ್ಯ ಕಪ್ಪುಕುಳಿ ಜೋಡಿಗಳಿಂದ ಬರಬೇಕಾದ ಅಲೆಗಳು ಇದೇ ಥರದವು.

ನಮ್ಮ ಎರಡನೇ ಗ್ರಾಫ್

ಬೈಸಿಕೊಂಡ ಮೇಲೆ ನಾವು ಮತ್ತೆ ಕೂತೆವು. ಹಬಲ್‌ನ ಹಳೆಯ ಕಡತಗಳು ಎಲ್ಲರಿಗೂ ಉಚಿತ, ಎಂ87ರ ಫಿಟ್ಸ್ ಕಡತ ಸಿಕ್ಕಿತು. ಆಸ್ಟ್ರೋಪೈ, ಫೋಟ್‌ಯುಟಿಲ್ಸ್ ಎರಡೂ ಪೈಥಾನ್‌ನಲ್ಲಿ ಉಚಿತ. ಫೋಟ್‌ಯುಟಿಲ್ಸ್‌ನಲ್ಲಿ ಐಸೊಫೋಟ್ ಹೊಂದಿಸುವ ಭಾಗವೂ ಇದೆ. ಕಪ್ಪುಕುಳಿಯ ಪಕ್ಕದ ಹೊಳೆಯುವ ಚುಕ್ಕಿಯನ್ನೂ, ಅಲ್ಲಿಂದ ಚಿಮ್ಮುವ ಜೆಟ್ಟನ್ನೂ ಮರೆಮಾಡಿದೆವು, ಅವು ನಕ್ಷತ್ರಗಳ ಬೆಳಕಲ್ಲ. ಆಮೇಲೆ ಗ್ರಾಫ್ ಹಾಕಿದೆವು.

ಈ ಸಲವೂ ನೆತ್ತಿ ಮೊಂಡಾಗೇ ಬಂತು, ಆದರೆ ಕತ್ತಿಯಿಂದ ಕೊಯ್ದ ಹಾಗಲ್ಲ. ಒಳಗೆ ಹೋದ ಹಾಗೆ ಇನ್ನೂ ನಿಧಾನಕ್ಕೆ ಏರುತ್ತಾ ಇತ್ತು. ನಿಜವಾದ ಕೋರ್ ಪೂರ್ತಿ ಚಪ್ಪಟೆ ಇರೋದಿಲ್ಲ ಅಂತ ಆಗ ಕಣ್ಣಾರೆ ಕಂಡಿತು. ಮೊದಲ ಗ್ರಾಫ್ ಅಷ್ಟು ಅಚ್ಚುಕಟ್ಟಾಗಿ ಚಪ್ಪಟೆ ಇದ್ದದ್ದೇ ಅದು ಸುಳ್ಳು ಅನ್ನೋದಕ್ಕೆ ಗುರುತಾಗಿತ್ತು, ನಾವು ನೋಡಲಿಲ್ಲ ಅಷ್ಟೇ.

ಸಿರುಗುಪ್ಪದ ಗೆಳೆಯ ಎರಡೂ ಗ್ರಾಫನ್ನು ಅಕ್ಕಪಕ್ಕ ಇಟ್ಟು ನೋಡಿ ಅಂದ: "ನೋಡ್ರಲೇ, ಮೊದಲನೇದ್ರಾಗ ನಾವು ಕಳ್ಳ ಸಿಕ್ಕ ಅಂತ ಕುಣಿದ್ವಿ. ಇದ್ರಾಗ ಬರೀ ರಾಶಿ ಅಳೆದೀವಿ. ಇದೇ ಚಲೋ."

ನಿಮಗೂ ಅಳೆಯೋ ಮನಸ್ಸಿದ್ದರೆ ಶನಿವಾರ ಸಂಜೆ ಕ್ಲಬ್ ಕೋಣೆಗೆ ಬನ್ನಿ. ಕಡತ, ಕೋಡ್ ಎರಡೂ ಇವೆ. ಗ್ರಾಫ್ ತೋರಿಸೋಕೆ ಮುಂಚೆ ಅಕ್ಕನ ಪ್ರಶ್ನೆಗೆ ಮಾತ್ರ ಉತ್ತರ ಸಿದ್ಧ ಇಟ್ಟುಕೊಂಡಿರಿ: ಆ ಚಪ್ಪಟೆ ಜಾಗದಾಗ ವ್ಯಾಲ್ಯೂ ಎಷ್ಟೈತೆ?